ಗೋಡೆ ಒದ್ದೆಯಾದ ಬೇಸಿಗೆ

ನಮ್ಮ ಅಡುಗೆಮನೆಯ ಗೋಡೆ ಒದ್ದೆಯಾಗಲು ಶುರುವಾದದ್ದು ಮಳೆಗಾಲದಲ್ಲಲ್ಲ, ಯುಗಾದಿ ಮುಗಿದು ಹದಿನೈದು ದಿನಕ್ಕೆ. ವಿಜಾಪುರದ ಬಿಸಿಲಿಗೆ ಹಪ್ಪಳ ಒಂದೇ ಹೊತ್ತಿನಲ್ಲಿ ಒಣಗುವ ಕಾಲ ಅದು. ಒಲೆಯ ಬಲಗಡೆ, ನೆಲದಿಂದ ಒಂದು ಗೇಣು ಎತ್ತರಕ್ಕೆ, ಗೋಡೆಯ ಮಣ್ಣು ಕಪ್ಪಾಗಿತ್ತು. ಮುಟ್ಟಿದರೆ ಬೆರಳಿಗೆ ತಣ್ಣಗೆ ಹತ್ತುತ್ತಿತ್ತು.

ನಾನು ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನನ್ನ ತವರು ಬಬಲೇಶ್ವರ. ಮನೆಯಲ್ಲಿ ಇದ್ದವರು ಮೂವರೇ: ಅತ್ತೆ, ನನ್ನ ಗಂಡ, ನಾನು. ಮಾವ ತೀರಿಕೊಂಡು ಬಹಳ ವರ್ಷವಾಗಿತ್ತು. ಗಂಡ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನರು. ಸಾರವಾಡದಲ್ಲಿ ಸ್ವಲ್ಪ ಹೊಲವಿತ್ತು, ಪಾಲಿಗೆ ಕೊಟ್ಟಿದ್ದರು. ಮನೆ ಹಳೆಯದು. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನೀರಿನ ಅನುಕೂಲ ಮನೆಯಲ್ಲಿರಲಿಲ್ಲ. ಎರಡು ಓಣಿ ಆಚೆಯ ಮೆಟ್ಟಿಲ ಬಾವಡಿಯಿಂದ ದಿನಾ ಬೆಳಿಗ್ಗೆ ಎಂಟು ಕೊಡ ಹೊತ್ತು ತರುವುದು ನನ್ನ ಕೆಲಸ.

ಹಾಗಾಗಿ ಒದ್ದೆಯ ತಪ್ಪು ಮೊದಲು ನನ್ನ ಮೇಲೆಯೇ ಬಂತು.

"ಕೊಡಾ ಇಳಸೂವಾಗ ಚೆಲ್ಲತಿ ನೀ," ಅಂದರು ಅತ್ತೆ. "ನಿಮ್ಮ ಬಬಲೇಶ್ವರದಾಗ ನೀರ ಭಾಳ ಇದ್ದುವೇನು, ಹಿಂಗ ಚೆಲ್ಲಾಕ?"

ನಾನು ಚೆಲ್ಲಿರಲಿಲ್ಲ. ಹಾಗೆಂದು ಹೇಳಿದರೆ ಎದುರುತ್ತರವಾಗುತ್ತಿತ್ತು. ಮರುದಿನದಿಂದ ಕೊಡಗಳನ್ನು ಪಡಸಾಲೆಯಲ್ಲೇ ಇಳಿಸಿದೆ. ಗೋಡೆಯ ಒದ್ದೆ ಮೊಣಕಾಲಿನ ತನಕ ಏರಿತು. ಸಾರಿಸಿದ ನೆಲ ಹೆಜ್ಜೆ ಇಟ್ಟಲ್ಲಿ ತಗ್ಗಾಗತೊಡಗಿತು. ಒಲೆಯ ಬುಡಕ್ಕೂ ತಂಪು ಹತ್ತಿ, ಕಟ್ಟಿಗೆ ಉರಿಯುವ ಬದಲು ಹೊಗೆಯಾಡಿತು. ಆಗ ಅತ್ತೆ ನನ್ನನ್ನು ಬೈಯುವುದು ಬಿಟ್ಟರು.

ಅಥಣಿ ರಸ್ತೆಯ ಕಡೆ ಯಾರದೋ ತೋಟದ ಗೋಡೆ ಕಟ್ಟುತ್ತಿದ್ದ ಟಿಕೋಟಾದ ಗೌಂಡಿಯೊಬ್ಬರನ್ನು ನನ್ನ ಗಂಡ ಕರೆತಂದರು. ಎತ್ತರದ ಆಳು, ಐವತ್ತು ದಾಟಿದವರು, ಮಾತು ಕಡಿಮೆ. ಬಂದವರೇ ಗೋಡೆಯಿಂದ ಚಿಟಿಕೆ ಮಣ್ಣು ಕೆರೆದು ನಾಲಿಗೆಯ ಮೇಲೆ ಇಟ್ಟುಕೊಂಡರು. ರುಚಿ ನೋಡಿ ಉಗುಳಿದರು.

"ಸಾಹೇಬ್ರ, ಇದು ಬಚ್ಚಲ ನೀರ ಅಲ್ರಿ. ಉಪ್ಪಿಲ್ಲ, ನಾತ ಇಲ್ಲ. ಇದು ಕುಡಿಯೂ ನೀರ."

"ಕುಡಿಯೂ ನೀರ ನಮ್ಮ ಗ್ವಾಡ್ಯಾಗ ಎಲ್ಲಿಂದ ಬರ್ತಾವ?"

"ಅದನ್ನ ಅಗದ ನೋಡಬೇಕ್ರಿ."

ಅಡುಗೆಮನೆಯ ಗೋಡೆಯ ಆಚೆಗೆ ಇದ್ದದ್ದು ಅತ್ತೆ ಮಲಗುವ ಕೋಣೆ. ಗೌಂಡಿ ಹಾರೆಯ ತುದಿಯಿಂದ ನೆಲವನ್ನು ಮೆಲ್ಲಗೆ ಕುಟ್ಟುತ್ತ ಆ ಕೋಣೆಗೆ ಹೋದರು. ಒದ್ದೆ ಅಲ್ಲಿಂದಲೇ ಬರುತ್ತಿದೆ ಎಂದರು. ಮೂಲೆಯಲ್ಲಿ ಅತ್ತೆಯ ಹೊರಸು ಇತ್ತು. ಗೌಂಡಿ ಹೊರಸಿನ ಹತ್ತಿರ ಬರುತ್ತಲೇ ಅತ್ತೆ ಹೋಗಿ ಅದರ ಮೇಲೆ ಕುಳಿತುಬಿಟ್ಟರು.

"ಇಲ್ಲಿ ಅಗ್ಯಾಕ ನಾ ಬಿಡಂಗಿಲ್ಲ. ನಮ್ಮ ಹಿರ್ಯಾರ ಇದ್ದ ಜಾಗಾ ಐತಿ ಇದು."

"ಅವ್ವಾ, ಗ್ವಾಡಿ ಬೀಳತೈತಿ," ಅಂದರು ನನ್ನ ಗಂಡ.

"ಬೀಳಲಿ. ಹೊರಗ ಅಗಸು."

ಗೌಂಡಿ ಒಮ್ಮೆ ಅತ್ತೆಯನ್ನು, ಒಮ್ಮೆ ಹೊರಸಿನ ಕಾಲುಗಳನ್ನು ನೋಡಿದರು. "ಆತ್ರಿ ಯವ್ವಾ," ಎಂದು ಹಾರೆಯನ್ನು ಹೆಗಲಿಗೇರಿಸಿದರು. ಹಿತ್ತಲಲ್ಲಿ ಎರಡು ಕಡೆ ಎದೆಯುದ್ದ ಅಗೆದರು. ಎರಡೂ ಕಡೆ ಒಣ ಗರಸು ಮಣ್ಣು ಸಿಕ್ಕಿತು. ಗೋಡೆಗೆ ಎರಡು ತೊಲೆ ಆಸರೆ ಕೊಟ್ಟು, ಬೇಗ ಮನಸ್ಸು ಮಾಡಿರಿ ಎಂದು ಹೇಳಿ ಹೋದರು.

ಒಂದು ವಾರದ ಮೇಲೆ, ನಾನು ರೊಟ್ಟಿ ಬಡಿಯುತ್ತ ಕುಳಿತಿದ್ದ ಮಧ್ಯಾಹ್ನ, ದನ ನೆಲಕ್ಕೆ ಮೈ ಚೆಲ್ಲಿದಂಥ ಸಪ್ಪಳವಾಯಿತು. ಗೋಡೆಯ ಕೆಳಗಿನ ಕಲ್ಲುಗಳು ಜಾರಿದವು, ಅದರ ಹಿಂದೆ ನಡುವಿನ ಭಾಗ ಇಳಿಯಿತು. ಗೂಟದ ಹಲಗೆಯ ಮೇಲಿದ್ದ ಹಿತ್ತಾಳೆ ಪಾತ್ರೆಗಳು ನನ್ನ ಮುಂದೆಯೇ ಉರುಳಿದವು. ನನಗೇನೂ ಆಗಲಿಲ್ಲ. ಧೂಳು ಇಳಿದ ಮೇಲೆ ನೋಡಿದರೆ ಗೋಡೆಯಲ್ಲಿ ಒಬ್ಬರು ತೂರುವಷ್ಟು ಕಂಡಿಯಾಗಿತ್ತು. ಆಚೆ ಅತ್ತೆ ಹೊರಸಿನ ಮೇಲೆ ಕಾಲು ಮೇಲೆತ್ತಿಕೊಂಡು ಕುಳಿತು ನನ್ನನ್ನೇ ನೋಡುತ್ತಿದ್ದರು.

ಆ ಕಂಡಿಯಿಂದ ಒಂದು ನಾತ ಬಂತು. ನಾಲ್ಕು ದಿನ ಮರೆತು ಇಟ್ಟ ಅಂಬಲಿಯ ನಾತ.

"ಏನ ನಾತ್ರೀ ಅತ್ತಿ ಇದು?" ಎಂದು ಕೇಳಿದೆ.

ಅವರು ಕಾಲು ಕೆಳಗಿಳಿಸಿದರು. ಆಮೇಲೆ, "ಬಾ ಇಲ್ಲಿ," ಎಂದು ಕರೆದರು. "ಹೊರಸಿನ ಬುಡಕ ಹಗೇವ ಐತಿ. ತುಂಬ ಜ್ವಾಳ ಐತಿ."

ಹಗೇವು ಅಂದರೆ ನೆಲದೊಳಗಿನ ಕಣಜ. ಆಳವಾಗಿ ತೋಡಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿ ಸಾರಿಸಿದರೆ ಮೇಲೆ ನಡೆದಾಡುವವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಯ ಹಗೇವನ್ನು ಮಾವ ಇದ್ದಾಗಲೇ ಮುಚ್ಚಿಸಿದ್ದಾರೆಂದು ನನ್ನ ಗಂಡ ತಿಳಿದಿದ್ದರು. ಆ ಬೇಸಿಗೆಯಲ್ಲಿ ಎರಡನೆಯ ಮಹಾಯುದ್ಧ ನಡೆದಿತ್ತು. ಊರಿನಲ್ಲಿ ಕಾಳು ಕಾರ್ಡಿನ ಮೇಲೆ ಸಿಗುತ್ತಿತ್ತು. ಬೆಳೆದವರು ಲೆವಿ ಎಂದು ಒಂದು ಪಾಲು ಸರಕಾರಕ್ಕೆ ಕೊಡಬೇಕು, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಅಪರಾಧ. ನನ್ನ ಗಂಡ ಕೆಲಸ ಮಾಡುತ್ತಿದ್ದದ್ದು ಆ ಲೆವಿಯ ಪಟ್ಟಿಗಳನ್ನು ಬರೆಯುವ ಟೇಬಲ್ಲಿನಲ್ಲಿ.

"ಅವರಿಗೆ ಗೊತ್ತೈತೇನ್ರಿ?" ಅಂದೆ.

"ಅಂವಗ ಗೊತ್ತಾಗಿದ್ರ ಇಡಾಕ ಬಿಡತಿದ್ದನೇನು? ನೀ ಬರೂ ಮೊದಲ ಪರೀಕ್ಷಾಕ್ಕ ಧಾರವಾಡಕ್ಕ ಹೋಗಿದ್ದ. ಆವಾಗ ಸಾರವಾಡದಿಂದ ಕಣಿಕಿ ಮೇವಿನ ಗಾಡ್ಯಾಗ ಮುಚ್ಚಿ ತರಿಸೇನಿ."

ಅತ್ತೆ ನನಗೆ ಲೆಕ್ಕ ಒಪ್ಪಿಸಬೇಕಾದವರಲ್ಲ. ಆದರೂ ಹೇಳಿದರು: "ನಾ ಸಣ್ಣಾಕಿ ಇದ್ದಾಗ ಬರ ಬಿದ್ದಿತ್ತು. ನಮ್ಮವ್ವ ಇರಿವಿ ಗೂಡ ಕೆದರಿ ಕಾಳ ಆರಿಸಿ ಕುದಿಸಿ ಹಾಕ್ಯಾಳ ನಮಗ. ಈಗ ಕಾರ್ಡ ತೋರಸ್ರಿ, ಜ್ವಾಳ ಕೊಡ್ತೀವಿ ಅಂತಾರ. ನಾಳೆ ಕಾರ್ಡ ಇದ್ದು ಅಂಗಡ್ಯಾಗ ಜ್ವಾಳ ಇಲ್ಲಂದ್ರ?"

ಮರುದಿನ ಗೋಡೆ ಕಟ್ಟಲು ಗೌಂಡಿ ಬಂದಾಗ ನನ್ನ ಗಂಡ ಕಚೇರಿಗೆ ಹೋಗಿಯಾಗಿತ್ತು. ಅತ್ತೆ ತಾವೇ ಹೊರಸನ್ನು ಪಕ್ಕಕ್ಕೆ ಎಳೆದರು.

"ನನಗ ಅವತ್ತ ತಿಳದಿತ್ರಿ ಯವ್ವಾ," ಅಂದರು ಗೌಂಡಿ. "ಹಾರಿ ಸಪ್ಪಳ ಬ್ಯಾರೆ ಆಗಿತ್ತು."

ಚಪ್ಪಡಿ ಎತ್ತಿದಾಗ ನಮ್ಮಿಬ್ಬರನ್ನೂ ದೂರ ನಿಲ್ಲಿಸಿದರು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಒಂದು ಮೊಳ ಇಳಿಯುವುದರೊಳಗೆ ದೀಪ ನಂದಿತು. "ಈಗ ಇದ್ರಾಗ ಇಳದಾಂವ ಮ್ಯಾಲ ಬರಂಗಿಲ್ಲ," ಎಂದು, ಬೇವಿನ ಟೊಂಗೆಗಳನ್ನು ಕಟ್ಟಿ ಒಳಗೆ ಇಳಿಸಿ ಏರಿಸಿ ಗಾಳಿಯಾಡಿಸಿದರು. ಮಧ್ಯಾಹ್ನದ ತನಕ ಕಾದೆವು. ಮೂರನೆಯ ಸಲ ಕಂದೀಲು ಉರಿಯಿತು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಅದರ ತುದಿಯನ್ನು ಕಂಬಕ್ಕೆ ಸುತ್ತಿ ನಮ್ಮ ಕೈಗೆ ಕೊಟ್ಟರು. "ನಾ ಮಾತ ನಿಲ್ಲಿಸಿದ್ರ ಎಳೀರಿ," ಎಂದು ಇಳಿದರು. ಅಷ್ಟು ಕಡಿಮೆ ಮಾತಿನ ಮನುಷ್ಯ ಒಳಗಿದ್ದಷ್ಟು ಹೊತ್ತೂ ಟಿಕೋಟಾದ ತಮ್ಮ ಎತ್ತುಗಳ ಬಗ್ಗೆ, ಮಗಳ ಬಾಣಂತನದ ಬಗ್ಗೆ ಬಿಡದೆ ಮಾತಾಡಿದರು. ಅತ್ತೆ ಮೇಲಿನಿಂದ ಹಾಂ, ಹೂಂ ಅನ್ನುತ್ತ ಹಗ್ಗ ಹಿಡಿದಿದ್ದರು.

ಬುಟ್ಟಿ ಬುಟ್ಟಿಯಾಗಿ ಜೋಳ ಮೇಲೆ ಬಂತು. ಮೊದಲರ್ಧ ಚೆನ್ನಾಗಿತ್ತು, ಹಗೇವಿನ ಕಮಟು ವಾಸನೆ ಬಿಟ್ಟರೆ ಬೇರೆ ದೋಷವಿರಲಿಲ್ಲ. ಸಂಜೆ ಗಂಡ ಬರುವ ಮೊದಲು ತೆಗೆದ ಜೋಳಕ್ಕೆ ಕೌದಿ ಹೊದಿಸಿ, ಚಪ್ಪಡಿ ಮುಚ್ಚಿ, ಹೊರಸು ಎಳೆದಿಟ್ಟೆವು. ಮರುದಿನ ಇನ್ನೂ ಕೆಳಗೆ ಹೋದಂತೆ ಕಾಳು ಬೆಚ್ಚಗಿತ್ತು, ಮೊಳಕೆ ಬಂದು ಒಂದಕ್ಕೊಂದು ಹೆಣೆದಿತ್ತು. ಅದರ ಕೆಳಗಿನದು ಕಪ್ಪು ರಾಡಿ. ತಳದ ಹತ್ತಿರ ಗೌಂಡಿ ಮಾತು ನಿಲ್ಲಿಸಿದರು. ನಾವಿಬ್ಬರೂ ಜೋರಾಗಿ ಎಳೆದೆವು.

"ತಡೀರಿ, ತಡೀರಿ, ಜೀವಂತ ಅದೇನಿ," ಎಂದು ಕೂಗಿದರು. "ಇಲ್ಲಿ ನೋಡ್ರಿ ನಿಮ್ಮ ನೀರು."

ಹಗೇವಿನ ಗೋಡೆ ಬಿರಿದಲ್ಲಿ, ಅದರ ಆಚೆಗೆ, ಗಚ್ಚಿನಲ್ಲಿ ಹುದುಗಿಸಿದ ಸುಟ್ಟ ಮಣ್ಣಿನ ಕೊಳವೆ ಹಾದುಹೋಗಿತ್ತಂತೆ, ತೋಳಿನಷ್ಟು ದಪ್ಪದ್ದು. ಸುಲ್ತಾನರ ಕಾಲದಲ್ಲಿ ಊರಿಗೆ ನೀರು ತಂದ ಕೊಳವೆಗಳಲ್ಲಿ ಒಂದು. ಹಿತ್ತಲಿನ ಬೇವಿನ ಬೇರು ಒಳಗೆ ತೂರಿ ದಾರಿ ಕಟ್ಟಿಕೊಂಡು, ಕೊಳವೆ ಸೀಳಿ, ನೀರು ಹಗೇವಿಗೆ ಇಳಿದಿತ್ತು. ಗೌಂಡಿ ಒಂದು ಚರಿಗೆ ನೀರು ಹಿಡಿದು ಕಳಿಸಿದರು. ತಿಳಿಯಾಗಿತ್ತು, ಬಾವಡಿಯ ನೀರಿಗಿಂತ ತಣ್ಣಗಿತ್ತು. ನಾನು ಕುಡಿದೆ. ಅತ್ತೆ ಕುಡಿಯಲಿಲ್ಲ.

ಒಳ್ಳೆಯ ಜೋಳವನ್ನು ಬಿಸಿಲಿಗೆ ಹಾಕದೆ ಗತಿಯಿರಲಿಲ್ಲ. ಮಾಳಿಗೆಗೆ ಹೊತ್ತು ಹರವಿದೆವು. ನಮ್ಮ ಓಣಿಯಲ್ಲಿ ಒಂದು ಮಾಳಿಗೆಗೆ ಇನ್ನೊಂದು ಹತ್ತಿಕೊಂಡೇ ಇರುತ್ತದೆ. ಪಕ್ಕದ ಮನೆಯ ಅಜ್ಜಿ ಹಪ್ಪಳ ತಿರುವುತ್ತಿದ್ದವರು ಎದ್ದು ನಿಂತರು.

"ಯಾರದ ಬೇ ಅಷ್ಟ ಜ್ವಾಳ?"

ಅತ್ತೆ ಕಾಳು ಹರವುತ್ತಲೇ ಅಂದರು: "ನಿಮ್ಮ ಪಾಲೂ ಐತಿ ಇದ್ರಾಗ. ಮರ ತಗೊಂಡ ಬಾ."

ಅಜ್ಜಿ ಕಾಳು ಕೇರುವ ಮರ ತಂದರು. ಸ್ವಲ್ಪ ಹೊತ್ತಿಗೆ ಎದುರು ಮನೆಯವರೂ, ಹಿಂದಿನ ಮನೆಯವರೂ ತಂದರು. ಯಾರೂ ಏನೂ ಕೇಳಲಿಲ್ಲ. ಗೌಂಡಿಯ ಹೆಗಲವಸ್ತ್ರದಲ್ಲಿ ಒಂದು ಗಂಟು ಹೋಯಿತು. ಕೊನೆಗೆ ನಮ್ಮ ಪಾಲಿಗೆ ಉಳಿದದ್ದು ಎರಡು ಡಬ್ಬಿ. ಕೊಟ್ಟದ್ದು ಧರ್ಮಕ್ಕೋ ಭಯಕ್ಕೋ ನನಗೆ ಆಗ ತಿಳಿಯಲಿಲ್ಲ. ಈಗಲೂ ಖಚಿತವಾಗಿ ಹೇಳಲಾರೆ.

ಗಂಡನಿಗೆ ನಾವು ಹೇಳಲಿಲ್ಲ, ರೊಟ್ಟಿ ಹೇಳಿತು. ಮೂರನೆಯ ದಿನ ಸಂಜೆ ಮೊದಲ ತುತ್ತು ಬಾಯಿಗಿಟ್ಟು ನಿಲ್ಲಿಸಿದರು. ರೊಟ್ಟಿಯ ತುಂಡನ್ನು ಮೂಗಿನ ಹತ್ತಿರ ಹಿಡಿದರು.

"ಇದು ಹಗೇವಿನ ಜ್ವಾಳ. ಎಲ್ಲಿಂದ ಬಂತು?"

ನಾನು ಒಲೆಯ ಕಡೆ ತಿರುಗಿದೆ. ಅತ್ತೆ ಎಲ್ಲವನ್ನೂ ಹೇಳಿದರು, ಸುತ್ತುಬಳಸಲಿಲ್ಲ.

"ನಾ ಅಲ್ಲಿ ಕುಂತು ಮಂದಿ ಜ್ವಾಳ ಬರಕೋತೀನಿ ಅವ್ವಾ," ಅಂದರು ಅವರು. "ಯಾರ ಮನ್ಯಾಗ ಎಷ್ಟ ಐತಿ ಅಂತ."

"ಹಂಗಾರ ನಂದೂ ಬರಕೋ."

ಅವರು ಎದ್ದು ಕೈ ತೊಳೆದುಕೊಂಡರು. ಪಡಸಾಲೆಯಲ್ಲಿ ಕುಳಿತು ನಿಜವಾಗಿಯೂ ಬರೆದರು: ತಮ್ಮ ಮನೆಯಲ್ಲಿ, ತಮಗೆ ತಿಳಿಯದೆ, ಇಷ್ಟು ಜೋಳ ಇತ್ತು, ಇಷ್ಟು ಕೊಳೆಯಿತು, ಉಳಿದದ್ದನ್ನು ಹಂಚಲಾಯಿತು ಎಂದು. 'ತಮಗೆ ತಿಳಿಯದೆ' ಎಂಬುದನ್ನು ಆಮೇಲೆ ಹೊಡೆದುಹಾಕಿದರು. ಕಾಗದ ಬೆಳಿಗ್ಗೆ ಅವರ ಜೊತೆಗೇ ಕಚೇರಿಗೆ ಹೋಯಿತು.

ಮುಂದಿನ ದಿನಗಳಲ್ಲಿ ಬಾಗಿಲಲ್ಲಿ ಸೈಕಲ್ ನಿಂತ ಸಪ್ಪಳವಾದರೆ ಸಾಕು, ನಾನೂ ಅತ್ತೆಯೂ ಒಟ್ಟಿಗೇ ತಲೆ ಎತ್ತುತ್ತಿದ್ದೆವು. ಒಂದು ವಾರಕ್ಕೆ ಕಚೇರಿಯ ಹಿರಿಯರೊಬ್ಬರು ಬಂದರು. ಹಗೇವಿನೊಳಗೆ ಬಗ್ಗಿ ನೋಡಿ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡರು. ತಿಪ್ಪೆಗೆ ಸುರಿದಿದ್ದ ಕಪ್ಪು ರಾಡಿಯನ್ನೂ ನೋಡಿದರು. ಒಂದು ಚರಿಗೆ ನೀರು ಕೇಳಿ ಕುಡಿದು, "ನೀರ ಭಾಳ ಛಲೋ ಅದಾವ್ರಿ," ಎಂದು ಹೇಳಿ ಹೋದರು. ಆಮೇಲೆ ಏನೂ ಬರಲಿಲ್ಲ. ನೌಕರಿಯೂ ಹೋಗಲಿಲ್ಲ.

ಗೌಂಡಿ ಕೊಳವೆಯ ಬೇರು ಬಿಡಿಸಿ, ಸೀಳಿದ ಕಡೆ ಗಚ್ಚು ಮೆತ್ತಿ, ಹಗೇವಿನ ತುಂಬ ಕಲ್ಲು ತುಂಬಿದರು. ಅಡುಗೆಮನೆಯ ಗೋಡೆಯನ್ನು ಸೊಂಟದ ತನಕ ಸುಣ್ಣದ ಗಾರೆಯಲ್ಲಿ ಎತ್ತಿ, ಮೇಲಿನದನ್ನು ಮೊದಲಿನಂತೆ ಮಣ್ಣಿನಲ್ಲಿ ಕಟ್ಟಿದರು. ಒಲೆ ಮತ್ತೆ ಚೆನ್ನಾಗಿ ಉರಿಯಿತು.

ಮನೆಯೊಳಗೆ ಮಾತ್ರ ಮಾತು ನಿಂತಿತ್ತು. ನನ್ನ ಗಂಡ ಕಾರ್ಡಿನ ಜೋಳದ ರೊಟ್ಟಿಯನ್ನಷ್ಟೇ ಉಣ್ಣುತ್ತಿದ್ದರು. ಅತ್ತೆಗೂ ನನಗೂ ಆ ಎರಡು ಡಬ್ಬಿಯದು. ನಾನು ದಿನಾ ಎರಡು ಹಿಟ್ಟು ಬೇರೆ ಬೇರೆ ನಾದುತ್ತಿದ್ದೆ. ತಾಯಿ ಮಗ ಇಬ್ಬರೂ ನನಗೇ ಹೇಳುತ್ತಿದ್ದರು: ಅವನಿಗೆ ಮಜ್ಜಿಗೆ ಕೊಡು, ಅವ್ವನಿಗೆ ಔಷಧ ತಂದಿದ್ದೇನೆ ಎಂದು ಹೇಳು. ಒಬ್ಬರು ಆಡಿದ ಮಾತು ಇನ್ನೊಬ್ಬರಿಗೆ ಕೇಳಿಸಿಯೇ ಇರುತ್ತಿತ್ತು. ಆದರೂ ನಾನು ಅದನ್ನು ಮತ್ತೊಮ್ಮೆ ಹೇಳಬೇಕಾಗುತ್ತಿತ್ತು.

ಮೃಗಶಿರಾ ಮಳೆ ಬಿದ್ದ ಮೊದಲ ದಿನವೇ ಪಡಸಾಲೆಯ ಮಾಳಿಗೆ ಸೋರಿತು. ಜೋಳ ಹೊತ್ತು ಓಡಾಡಿದ್ದಕ್ಕೆ ಮೇಲಿನ ಮಣ್ಣು ಸಡಿಲಾಗಿತ್ತೋ ಏನೋ. ಮಳೆ ನಿಂತ ಮೇಲೆ ನನ್ನ ಗಂಡ ಧೋತರ ಮೇಲೆ ಕಟ್ಟಿ ಏಣಿ ಹತ್ತಿದರು. ನಾನು ಮಾಳಿಗೆಗೆ ಹಾಕುವ ಕರಲು ಮಣ್ಣಿನ ಬುಟ್ಟಿಗಳನ್ನು ಏಣಿಯ ಮೇಲಿನಿಂದ ಕೊಡುತ್ತಿದ್ದೆ. ಸೋರುವ ಜಾಗ ಮೇಲಿನಿಂದ ಗೊತ್ತಾಗುವುದಿಲ್ಲ. ಕೆಳಗೆ ನಿಂತವರು ಹೇಳಬೇಕು. ಅತ್ತೆ ಪಡಸಾಲೆಯಲ್ಲಿ ತಲೆ ಎತ್ತಿ ನಿಂತಿದ್ದರು, ಹಣೆಯ ಮೇಲೆ ಹನಿ ಬೀಳುತ್ತಿತ್ತು.

"ಎಡಕ್ಕ, ಇನ್ನೊಂದ ಗೇಣ," ಎಂದು ಕೂಗಿದರು.

ಮೇಲೆ ಕಾಲ ಸಪ್ಪಳ ಸರಿಯಿತು, ನಿಂತಿತು. ಆ ಮಾತನ್ನು ನಾನೇ ಮತ್ತೆ ಹೇಳಬೇಕೇನೋ ಎಂದು ಬುಟ್ಟಿ ಹಿಡಿದು ಕಾದೆ.

"ಇಲ್ಲೇನ ಬೇ ಅವ್ವಾ?"

"ಹಾಂ, ಅಲ್ಲೇ. ತುಳಿ ಗಟ್ಟ್ಯಾಗಿ."

ಅವರು ತುಳಿದರು. ನಾನು ಇನ್ನೊಂದು ಬುಟ್ಟಿ ಕೊಟ್ಟೆ.