ಕಣ್ಣಕ್ಕ ಮನೆಗೆ ತಂದ ಎಂಟು ಕೊಳವೆ

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಅವಳ ಕಣ್ಣು ದೊಡ್ಡದಾಗಿತ್ತು ಅಂತಲ್ಲ. ಮೂತ್ರ ಕಟ್ಟಿಕೊಂಡವರಿಗೆ ಬೇಕಾಗುವ ಕ್ಯಾಥೆಟರ್ ಎಂಬ ತೆಳುವಾದ ಕೊಳವೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಕೊಳವೆಯ ತುದಿ ಮುಚ್ಚಿಕೊಂಡು ಗುಂಡಗಿರುತ್ತದೆ. ತುದಿಯಿಂದ ಒಂದು ಬೆರಳಗಲ ಕೆಳಗೆ, ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ತೂತು. ಮೂತ್ರ ಕೊಳವೆಯೊಳಗೆ ಇಳಿಯುವುದು ಅಲ್ಲಿಂದಲೇ. ಆ ತೂತಿಗೆ ಕೆಲಸದವರ ಬಾಯಲ್ಲಿ ಕಣ್ಣು ಎಂದು ಹೆಸರು. ದಿನವಿಡೀ ಸೂಕ್ಷ್ಮದರ್ಶಕಕ್ಕೆ ಮುಖ ಒತ್ತಿ ಆ ಕಣ್ಣುಗಳನ್ನು ನೋಡಿ, ಕೆಟ್ಟದ್ದನ್ನು ಎಡಗಡೆ ಡಬ್ಬಿಗೂ ಒಳ್ಳೆಯದನ್ನು ಬಲಗಡೆ ಡಬ್ಬಿಗೂ ಹಾಕುವುದು ಅವಳ ಕೆಲಸ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಳು. "ಗಂಡನ ಮುಖಕ್ಕಿಂತ ಈ ತೂತಿನ ಮುಖಾನೇ ಜಾಸ್ತಿ ನೋಡಿದೀನಿ" ಎಂದು ನಗುತ್ತಿದ್ದಳು.

ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಮಾತುಗಾರ, ತುಸು ಜಂಬದ ಮನುಷ್ಯ. ಬೇರೆಯವರು ಬಳಿದ ಗೋಡೆ ಕಂಡರೆ ಮೂಗು ಮುರಿಯದೆ ಮುಂದೆ ಹೋಗುತ್ತಿರಲಿಲ್ಲ. ಮೂರನೇ ಮಹಡಿಯ ಹೊರಗೋಡೆಗೆ ಕೊನೆಯ ಕೈ ಬಣ್ಣ ಕೊಡುವಾಗ ನಿಂತಿದ್ದ ಹಲಗೆ ಜಾರಿತು. ಜೀವ ಉಳಿಯಿತು. ಸೊಂಟದ ಕೆಳಗೆ ಎಲ್ಲವೂ ಮರಗಟ್ಟಿತು.

ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಮನೆಗೆ ಹೊರಟ ದಿನ ದಾದಿ ಅವನ ಕೈಗೊಂದು ಪೊಟ್ಟಣ ಕೊಟ್ಟಳು. ದಿನಕ್ಕೆ ಐದು ಸಲ, ತಾನೇ ಕೊಳವೆ ಹಾಕಿಕೊಂಡು ಮೂತ್ರ ತೆಗೆಯಬೇಕು, ಜೀವನಪೂರ್ತಿ. ಪೊಟ್ಟಣದ ಮೇಲಿನ ಗುರುತು ನೋಡಿ ಕಣ್ಣಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳದೇ ಕಾರ್ಖಾನೆಯ ಮಾಲು.

"ಇದ್ರಲ್ಲಿ ನೀನು ನೋಡಿದ್ದು ಯಾವ್ದು?" ಎಂದು ಅವನು ಕೇಳಿದ.

"ಎಲ್ಲಾ ನಾನೇ ನೋಡಿರೋದು."

"ಹಾಗಾದ್ರೆ ತಪ್ಪಾದ್ರೆ ನಿನ್ನನ್ನೇ ಹಿಡ್ಕೋತೀನಿ" ಎಂದು ಅವನು ನಕ್ಕ. ಆ ಮಾತು ಮುಂದೆ ಎಷ್ಟು ಸಲ ತನ್ನ ಎದೆಗೆ ಬಂದು ಕೂರುತ್ತದೆ ಎಂಬುದು ಅವಳಿಗೆ ಆಗ ಗೊತ್ತಿರಲಿಲ್ಲ.

ಮೊದಲ ವರ್ಷ ಹೇಗೋ ಕಳೆಯಿತು. ಎರಡನೇ ವರ್ಷ ಅವಳು ಒಂದನ್ನು ಗಮನಿಸಿದಳು. ಬಳಸಿ ಬಿಸಾಡಿದ ಕೊಳವೆಯ ಕಣ್ಣಿನ ಸುತ್ತ ಆಗಾಗ ಕೆಂಪು ಗೆರೆ. ಅವನಿಗೆ ಅಲ್ಲಿ ನೋವೇ ತಿಳಿಯುತ್ತಿರಲಿಲ್ಲ. ತಿಳಿದಿದ್ದರೆ ಮನೆಯ ಸೂರು ಹಾರಿಹೋಗುವಂತೆ ಕೂಗಾಡುತ್ತಿದ್ದ. ಮೂರು ತಿಂಗಳಿಗೊಮ್ಮೆ ಚಳಿಜ್ವರ, ಮೂತ್ರದಲ್ಲಿ ಸೋಂಕು, ಒಂದು ವಾರ ಔಷಧಿ, ಮತ್ತೆ ಮೊದಲಿನಂತೆ.

ಒಂದು ದಿನ ಅವಳು ಒಳ್ಳೆಯ ಡಬ್ಬಿಗೆ ಹಾಕಿದ್ದ ಕೊಳವೆಯನ್ನೇ ಮತ್ತೆ ತೆಗೆದು, ಸೂಕ್ಷ್ಮದರ್ಶಕದ ಶಕ್ತಿಯನ್ನು ನಿಯಮಕ್ಕಿಂತ ನಾಲ್ಕು ಪಟ್ಟು ಹೆಚ್ಚಿಸಿ ನೋಡಿದಳು. ಅಲ್ಲಿಯವರೆಗೆ ದುಂಡಗೆ, ನೀಟಾಗಿ ಕಾಣುತ್ತಿದ್ದ ಕಣ್ಣಿನ ಅಂಚು ಮುರಿದ ತಗಡಿನ ಹಾಗೆ ಹರಿತವಾಗಿತ್ತು. ತೂತು ಕೊರೆಯುವ ಯಂತ್ರದ ಬ್ಲೇಡು ತಣ್ಣಗಿನ ಪ್ಲಾಸ್ಟಿಕ್ಕನ್ನು ಕತ್ತರಿಸಿದಾಗ ಅಂಚು ಹಾಗೇ ಉಳಿಯುತ್ತಿತ್ತು. ನಿಯಮದ ಪ್ರಕಾರ ಅದು ಪಾಸು. ಹನ್ನೊಂದು ವರ್ಷದಲ್ಲಿ ಅಂಥ ಎಷ್ಟು ಲಕ್ಷ ಕೊಳವೆಗಳನ್ನು ಬಲಗಡೆಗೆ ಹಾಕಿದ್ದಳೋ.

ಕೊಳವೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮೇಲಿನ ಮಹಡಿಗೆ ಹತ್ತಿದಳು. ಅಲ್ಲಿ ಹೊಸ ಕೊಳವೆಗಳ ವಿನ್ಯಾಸ ಮಾಡುವ ಎಂಜಿನಿಯರ್ ಮೇಡಂ ಇದ್ದರು. ವಯಸ್ಸಿನಲ್ಲಿ ಕಣ್ಣಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಮುಖದಲ್ಲಿ ನಗು ಕಮ್ಮಿ. ಕೆಳಗಿನವರು ಹಾಗೆ ಮೇಲೆ ಹೋಗುವ ರೂಢಿಯೇ ಇರಲಿಲ್ಲ.

"ಮೇಡಂ, ಇದನ್ನ ಒಂದ್ಸಲ ನೋಡಿ."

ಮೇಡಂ ನೋಡಿದರು. ಬಹಳ ಹೊತ್ತು ನೋಡಿದರು. "ಇದು ಅಳತೆ ಪ್ರಕಾರ ಸರಿಯಾಗಿದೆಯಲ್ಲ" ಎಂದರು.

"ಅಳತೆ ಸರಿ ಇದೆ ಮೇಡಂ. ಇದು ನಮ್ಮನೆಯವರ ಒಳಗಡೆ ದಿನಕ್ಕೆ ಐದ್ಸಲ ಹೋಗ್ಬರುತ್ತೆ. ಅವರಿಗೆ ನೋವು ಗೊತ್ತಾಗಲ್ಲ. ಗೊತ್ತಾಗೋರಿಗೆ ಹೇಗಿರುತ್ತೋ."

ಮೇಡಂ ಕೊಳವೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರು. ಮರುವಾರವೇ ಕಣ್ಣಕ್ಕನನ್ನು ಮೇಲಕ್ಕೆ ಕರೆಸಿಕೊಂಡರು. ಕಾದ ಸೂಜಿಮೊನೆಯಂಥ ಪುಟ್ಟ ಕಡ್ಡಿಯನ್ನು ಕಣ್ಣಿಗೆ ಒಂದು ಕ್ಷಣ ಮುಟ್ಟಿಸಿದರೆ ಅಂಚು ಕರಗಿ ನುಣುಪಾಗುತ್ತದೆ ಎಂಬುದು ಅವರ ಅಂದಾಜು. ಶಾಖ ಹೆಚ್ಚಾದರೆ ಕಣ್ಣು ಸೊಟ್ಟಗಾಗುತ್ತಿತ್ತು, ಕಡಿಮೆಯಾದರೆ ಏನೂ ಆಗುತ್ತಿರಲಿಲ್ಲ. ಎಷ್ಟು ಶಾಖ, ಎಷ್ಟು ಹೊತ್ತು ಎಂಬುದು ಲೆಕ್ಕದಲ್ಲಿ ಕೂರಲೇ ಇಲ್ಲ. ಕಣ್ಣಕ್ಕನ ಕೈಗೆ ಮಾತ್ರ ಅದು ಸಿಕ್ಕಿತು. ಅವಳು ಕಡ್ಡಿಯನ್ನು ಮುಟ್ಟಿಸಿ ಎತ್ತುವಷ್ಟರಲ್ಲಿ ಮೇಡಂ ಪಕ್ಕದಲ್ಲಿ ಗಡಿಯಾರ ಹಿಡಿದು ಬರೆದುಕೊಳ್ಳುತ್ತಿದ್ದರು.

ನುಣುಪಾಗಿದೆಯೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ ಎಂಬ ತೊಡಕು ಬಂತು. ನಿಯಮದ ಶಕ್ತಿಯಲ್ಲಿ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತಿತ್ತು, ಪ್ರತಿಯೊಂದನ್ನೂ ನಾಲ್ಕು ಪಟ್ಟು ಹಿಗ್ಗಿಸಿ ನೋಡುತ್ತ ಕೂರುವಂತಿರಲಿಲ್ಲ. ಆ ಸಂಜೆ ಅವಳು ಗಂಡನ ಮುಂದೆ ಗೊಣಗಿದಳು.

"ಅದಕ್ಯಾಕೆ ತಲೆ ಕೆಡಿಸ್ಕೋತೀಯಾ?" ಎಂದ ಪೇಂಟರ್. "ನಾವು ಗೋಡೆ ಉಜ್ಜಿದ್ಮೇಲೆ ಏನ್ ಮಾಡ್ತಿದ್ವಿ ಗೊತ್ತಾ? ಹಳೇ ನೈಲಾನ್ ಕಾಲುಚೀಲ ಕೈಗೆ ಹಾಕ್ಕೊಂಡು ಮೆಲ್ಲಗೆ ಸವರೋದು. ಎಲ್ಲಿ ಒರಟು ಇದೆಯೋ ಅಲ್ಲಿ ಎಳೆ ಸಿಕ್ಕಾಕ್ಕೊಳ್ಳುತ್ತೆ. ಬೆರಳು ಸುಳ್ಳು ಹೇಳ್ಬಹುದು, ಕಾಲುಚೀಲ ಹೇಳಲ್ಲ ಕಣೇ."

ಮರುದಿನ ತೆಳು ನೈಲಾನ್ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಅದರ ಮೇಲೆ ಕೊಳವೆಯನ್ನು ಎಳೆದು ನೋಡಿದರು. ಹಳೆಯ ಕೊಳವೆ ಎಳೆ ಕಿತ್ತುಕೊಂಡು ಬಂತು. ಹೊಸದು ಬೆಣ್ಣೆಯ ಮೇಲೆ ಹೋದಂತೆ ಜಾರಿತು. ಅಂದು ಮೊದಲ ಸಲ ಮೇಡಂ ಮುಖದಲ್ಲಿ ನಗು ಕಂಡಿತು. "ಯಾರು ಹೇಳ್ಕೊಟ್ರು?" ಎಂದು ಕೇಳಿ, ಪರೀಕ್ಷೆಯ ಕಾಗದದಲ್ಲಿ ಸಲಹೆ ಕೊಟ್ಟವರ ಜಾಗದಲ್ಲಿ "ಬಣ್ಣದ ಕೆಲಸಗಾರ" ಎಂದು ಬರೆದರು. ಪೇಂಟರ್ ಅದನ್ನು ಕೇಳಿ ಎರಡು ದಿನ ಬೀಗಿದ್ದೇ ಬೀಗಿದ್ದು.

ಆದರೆ ಮಾದರಿ ಸಿದ್ಧವಾದರೆ ಸಾಲದು. ಪ್ರಯೋಗಾಲಯ, ಪರವಾನಗಿ, ರೋಗಿಗಳ ಮೇಲಿನ ಪರೀಕ್ಷೆ, ಎಲ್ಲ ಮುಗಿಯಲು ಇನ್ನೂ ಎರಡು ವರ್ಷ ಎಂದರು ಮೇಡಂ. "ಮಾದರಿಗಳನ್ನ ಯಾರೂ ಮನೆಗೆ ತಗೊಂಡ್ಹೋಗೋ ಹಾಗಿಲ್ಲ. ಇವು ಶುದ್ಧ ಮಾಡಿದ್ದಲ್ಲ. ಪ್ಲಾಸ್ಟಿಕ್ ಹತ್ತದಿರ್ಲಿ ಅಂತ ಕಾದ ಕಡ್ಡಿಗೆ ಹಚ್ಚೋ ಲೇಪ ಕೊಳವೆಗೆ ಅಂಟ್ಕೊಂಡಿದೆಯೋ ಏನೋ, ಅದೂ ಗೊತ್ತಿಲ್ಲ" ಎಂದು ಎಲ್ಲರೆದುರು ಹೇಳಿದರು. ಹೇಳುವಾಗ ಅವರ ನೋಟ ಕಣ್ಣಕ್ಕನ ಮೇಲೆ ಒಂದು ಗಳಿಗೆ ನಿಂತಿತು. ಅವಳು ತಲೆಯಾಡಿಸಿದಳು.

ಅದೇ ತಿಂಗಳು ಪೇಂಟರಿಗೆ ಮತ್ತೆ ಜ್ವರ ಬಂದು ಹೋಯಿತು. ಈ ಸಲ ಅವನು ತೀರಾ ಇಳಿದುಹೋದ. ಕೊಳವೆ ಹೊರಗೆ ತೆಗೆದಾಗ ಬರೀ ಗೆರೆಯಲ್ಲ, ಹನಿ ರಕ್ತ. ಅವಳು ನೋಡಿದಳು. ಮರುದಿನ ಎಸೆಯಲೆಂದು ಇಟ್ಟಿದ್ದ ಮಾದರಿಗಳ ಚೀಲದಿಂದ ಎಂಟು ಕೊಳವೆ ತೆಗೆದು ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡು ಬಂದಳು. ಸಾಬೂನಿನಲ್ಲಿ ತೊಳೆದಳು, ಕುದಿಸಿ ಆರಿಸಿದ ನೀರು ಸುರಿದಳು, ಒಗೆದ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು.

"ಇವು ಇನ್ನೂ ಪಾಸಾಗಿಲ್ಲ" ಎಂದಳು. "ಬೇಡ ಅಂದ್ರೆ ಬೇಡ."

"ನೀನು ಮಾಡಿದ್ದಾ?"

"ನನ್ನ ಕೈಯಾರೆ."

"ಸಾಕು ಬಿಡು. ಇನ್ಯಾರು ಪಾಸು ಮಾಡ್ಬೇಕು."

ಐದು ದಿನ ಆ ಕೊಳವೆಗಳನ್ನು ತೊಳೆದು ತೊಳೆದು ಬಳಸಿದರು. ಐದು ದಿನವೂ ರಕ್ತ ಬರಲಿಲ್ಲ. ಅವನು ಪ್ರತಿ ಸಲ ಬಚ್ಚಲಿನಿಂದಲೇ ಕೂಗುತ್ತಿದ್ದ, "ನೋಡೇ, ಇವತ್ತೂ ಕೆಂಪಿಲ್ಲ!" ಅವಳು ಅಡುಗೆಮನೆಯಲ್ಲಿ ನಿಂತು, ಒಬ್ಬಳೇ, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಅಷ್ಟು ಸಂತೋಷಪಟ್ಟ ನೆನಪು ಅವಳಿಗಿರಲಿಲ್ಲ.

ಆರನೇ ದಿನ ಬೆಳಗ್ಗೆ ಅವನು ಗಡಗಡ ನಡುಗುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮಾತು ತೊದಲಿತು. ಆಸ್ಪತ್ರೆಗೆ ಸೇರಿಸಿದರು. ಸೋಂಕು ಮೂತ್ರಪಿಂಡಕ್ಕೆ ಏರಿ ರಕ್ತಕ್ಕೆ ಇಳಿದಿದೆ ಎಂದರು ಡಾಕ್ಟರು. ಅವಳು ಹಾಸಿಗೆಯ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು ಹನ್ನೆರಡು ದಿನ ಕಳೆದಳು. ಒಂಬತ್ತನೇ ದಿನ ಅವನಿಗೆ ಸ್ವಲ್ಪ ಎಚ್ಚರವಿತ್ತು. ಅವಳ ಮುಖದಲ್ಲಿ ಏನು ಕಂಡಿತೋ, ಕೈ ಹಿಡಿದುಕೊಂಡ.

"ಯಾರಿಗೂ ಬಾಯಿ ಬಿಡ್ಬೇಡ. ನಿನ್ನ ಕೆಲ್ಸ ಹೋಗುತ್ತೆ. ಆ ಕೊಳವೆನೂ ನಿಂತೋಗುತ್ತೆ."

"ನಾನು ತರಬಾರ್ದಿತ್ತು ರೀ."

"ಐದು ದಿನ ಚೆನ್ನಾಗಿತ್ತಲ್ಲ" ಎಂದ. ಅಷ್ಟು ಹೇಳಲು ಅವನು ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಹನ್ನೆರಡನೇ ದಿನ ಮಧ್ಯಾಹ್ನ ಅವನು ತೀರಿಕೊಂಡ. ಅವಳು ಆಗ ಕೆಳಗಡೆ ಔಷಧಿ ತರಲು ಹೋಗಿದ್ದಳು.

ಮೂರು ವಾರದ ನಂತರ ಕೆಲಸಕ್ಕೆ ಬಂದಳು. ಕೆಲವರು ಹೆಗಲು ಮುಟ್ಟಿ ಹೋದರು. ಮೇಡಂ ಅವಳನ್ನು ಕೋಣೆಗೆ ಕರೆದು ಕೂರಿಸಿ ಒಂದು ಕಾಗದ ಮುಂದಿಟ್ಟರು. ಪರವಾನಗಿಗೆ ಕಳಿಸುವ ಮುಂಚೆ ಮಾದರಿ ಮುಟ್ಟಿದವರೆಲ್ಲ ಸಹಿ ಹಾಕಬೇಕಿತ್ತು. ಈ ಮಾದರಿಗಳನ್ನು ಯಾವ ಮನುಷ್ಯನ ಮೇಲೂ ಬಳಸಿಲ್ಲ, ಎಲ್ಲವನ್ನೂ ಎಣಿಸಿ ನಾಶ ಮಾಡಲಾಗಿದೆ ಎಂದು ಅದರಲ್ಲಿ ಬರೆದಿತ್ತು.

"ಎಣಿಕೆಯಲ್ಲಿ ಎಂಟು ಕಮ್ಮಿ ಬರ್ತಿದೆ" ಎಂದರು ಮೇಡಂ. "ಎಲ್ಲೋ ತಪ್ಪಾಗಿ ಎಣಿಸಿರ್ಬೇಕು. ನೀವು ಸಹಿ ಹಾಕಿ, ನಾನು ಲೆಕ್ಕ ಇನ್ನೊಂದ್ಸಲ ನೋಡ್ತೀನಿ."

ಕಣ್ಣಕ್ಕ ಪೆನ್ನು ಹಿಡಿದಳು. ಗಂಡನಿಗೆ ಕೊಟ್ಟ ಮಾತು ನೆನಪಾಯಿತು. ಮಾತು ಕೊಟ್ಟಿರಲೇ ಇಲ್ಲ ಎಂಬುದೂ ನೆನಪಾಯಿತು. ಅವನು ಕೇಳಿದ್ದ, ಅವಳು ಹೂಂ ಅಂದಿರಲಿಲ್ಲ. ಪೆನ್ನು ಕೆಳಗಿಟ್ಟಳು.

"ಎಣಿಸಿದ್ದು ಸರಿ ಇದೆ ಮೇಡಂ. ಎಂಟೂ ನಮ್ಮನೇಲಿ ಇದ್ವು."

ಮೇಡಂ ಕುರ್ಚಿಯಿಂದ ಎದ್ದರು, ಮತ್ತೆ ಕೂತರು. "ನಾನು ನಿಮಗೆ ಹೇಳಿದ್ನಲ್ಲ" ಎಂದರು. ಧ್ವನಿ ಏರಿತು. "ಎಲ್ಲರೆದುರು ಹೇಳಿದ್ನಲ್ಲ! ನಿಮ್ಮನ್ನೇ ನೋಡ್ಕೊಂಡು ಹೇಳಿದ್ನಲ್ಲ!"

"ಹೇಳಿದ್ರಿ."

"ಮತ್ಯಾಕೆ?"

ಕಣ್ಣಕ್ಕ ಸಹಿಯಿಲ್ಲದ ಕಾಗದವನ್ನು ಮೇಡಂ ಕಡೆ ಸರಿಸಿದಳು. ಎದುರಿಗೆ ಕೂತಿದ್ದ ಆ ನಗು ಕಾಣದ ಹೆಂಗಸು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟಳು. ಕಣ್ಣಕ್ಕ ಅಳಲಿಲ್ಲ. ಅವರ ಲೋಟಕ್ಕೆ ನೀರು ತುಂಬಿಸಿ ಮುಂದಿಟ್ಟಳು.

ವಿಚಾರಣೆಯಾಯಿತು. ಪರೀಕ್ಷೆಗಳೆಲ್ಲ ನಾಲ್ಕು ತಿಂಗಳು ನಿಂತವು. ಆಸ್ಪತ್ರೆಯ ಡಾಕ್ಟರು ಬಂದು ಹೇಳಿಕೆ ಕೊಟ್ಟರು. ಅವನ ಎರಡೂ ಮೂತ್ರಪಿಂಡಗಳಲ್ಲಿ ಹಳೆಯ ಗಾಯದ ಕಲೆಗಳಿದ್ದವು, ವರ್ಷಗಳ ಸೋಂಕಿನಿಂದ ಆದವು. ರಕ್ತದಲ್ಲಿ ಸಿಕ್ಕ ಕ್ರಿಮಿ ಹಿಂದಿನ ನಾಲ್ಕು ಜ್ವರಗಳಲ್ಲೂ ಸಿಕ್ಕಿದ್ದೇ ಆಗಿತ್ತು.

"ಹಾಗಾದ್ರೆ ನನ್ನ ಕೊಳವೆಯಿಂದ ಅಲ್ವಾ?" ಎಂದು ಕಣ್ಣಕ್ಕ ಎಲ್ಲರ ಮುಂದೆಯೇ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಅಲ್ಲ ಅಂತ ಹೇಳಕ್ಕಾಗಲ್ಲಮ್ಮ. ಹೌದು ಅಂತಾನೂ ಹೇಳಕ್ಕಾಗಲ್ಲ. ತೊಳೆದ ನೀರು, ಕೈ, ಬಟ್ಟೆ, ಹಳೇ ಕ್ರಿಮಿ, ಯಾವುದು ಅಂತ ಹೇಳೋಣ?"

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ತಾನಾಗಿ ಒಪ್ಪಿಕೊಂಡಳೆಂದು ಮೇಡಂ ಪಟ್ಟು ಹಿಡಿದು ವಾದಿಸಿದ್ದರಂತೆ. ಸೂಕ್ಷ್ಮದರ್ಶಕದ ಮುಂದಿನಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು. ಶುದ್ಧ ಕೋಣೆಯಲ್ಲಿ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಕೊಳವೆಯನ್ನು ಪೊಟ್ಟಣಕ್ಕೆ ಹಾಕಿ ಬಾಯಿ ಬೆಸೆಯುವ ಕೆಲಸ. ಬೆಸುಗೆ ಒಂದು ಕೂದಲಷ್ಟು ಬಿಟ್ಟರೂ ಪೊಟ್ಟಣವನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. ಜೊತೆಯವರು "ಇದೇನಕ್ಕ, ಇಷ್ಟಕ್ಕೆಲ್ಲ ಎಸೀತೀರಾ" ಎಂದರೆ ಕೇಳಿಸದವಳಂತೆ ಇರುತ್ತಿದ್ದಳು. ಗಂಡನ ಮುಖ, ತೂತಿನ ಮುಖ ಎಂಬ ಅವಳ ಹಳೆಯ ನಗೆಮಾತು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನುಣುಪು ಕಣ್ಣಿನ ಕೊಳವೆ ಮಾರುಕಟ್ಟೆಗೆ ಬಂದದ್ದು ಮೂರು ವರ್ಷದ ನಂತರ. ಮೇಡಂ ಮೊದಲ ಪೆಟ್ಟಿಗೆಯ ಸುದ್ದಿಯನ್ನು ಹೇಳಲು ಅವಳ ಮನೆಗೇ ಬಂದರು. ಎರಡು ಕೋಣೆಯ ಮನೆ, ಬಾಗಿಲಿಗೆ ಗಾಲಿಕುರ್ಚಿ ಬರಲೆಂದು ಹಾಕಿದ್ದ ಇಳಿಜಾರು ಹಾಗೇ ಇತ್ತು. ಕಣ್ಣಕ್ಕ ಟೀ ಮಾಡಿ ಕೊಟ್ಟಳು.

"ನಿಮ್ಮ ಹಳೇ ಜಾಗ ಖಾಲಿಯಾಗಿದೆ" ಎಂದರು ಮೇಡಂ. "ವಾಪಸ್ ಬನ್ನಿ. ಕಣ್ಣು ನೋಡೋಕೆ ನಿಮ್ಮಷ್ಟು ಗೊತ್ತಿರೋರು ಇಲ್ಲ."

"ಬೇಡ ಮೇಡಂ. ಪ್ಯಾಕಿಂಗಲ್ಲೇ ಇರ್ತೀನಿ."

ಪಕ್ಕದ ಮನೆಯ ನಲ್ಲಿಯಲ್ಲಿ ನೀರು ಹಿಡಿಯುವ ಸದ್ದು ಕೇಳುತ್ತಿತ್ತು. ಕೊನೆಗೆ ಮೇಡಂ ಹಿಂಜರಿಯುತ್ತ ಕೇಳಿದರು, "ಅದು ಆ ಕೊಳವೆಯಿಂದಲೇ ಆಯ್ತು ಅಂತ ನಿಮಗನ್ಸುತ್ತಾ?"

"ಕೆಲವು ದಿನ ಹೌದು ಅನ್ಸುತ್ತೆ. ಕೆಲವು ದಿನ ಅಲ್ಲ ಅನ್ಸುತ್ತೆ. ಅಲ್ಲ ಅನ್ಸಿದ ದಿನ ನನ್ನ ಮೇಲೆ ನನಗೇ ಸಿಟ್ಟು ಬರುತ್ತೆ, ಎಷ್ಟು ಸುಲಭವಾಗಿ ತಪ್ಪಿಸ್ಕೊಂಡ್ಬಿಟ್ಟೆ ಅಂತ."

ಮೇಡಂ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಟೀ ಆರಿ ಕೆನೆ ಕಟ್ಟಿತ್ತು. ಕಣ್ಣಕ್ಕ ಅದನ್ನು ಅವರ ಕೈಯಿಂದ ತೆಗೆದುಕೊಂಡು, "ಬಿಸಿ ಮಾಡ್ಕೊಂಡ್ ಬರ್ತೀನಿ, ಕೂತಿರಿ" ಎಂದು ಒಳಗೆ ಹೋದಳು.