ಮಂಗಳವಾರದಮ್ಮ ತಲೆಯಿಟ್ಟ ದಿಂಬು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದಿಂಬು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ ಹೆಂಗಸೊಬ್ಬರು ಕಣ್ಣು ಮುಚ್ಚಿ ಮಲಗಿದ್ದಾರೆ. ಸುತ್ತ ಹತ್ತಿಯ ಎಳೆಗಳು ಯಾವ ಆತುರವೂ ಇಲ್ಲದೆ ತೇಲುತ್ತಿವೆ. ಹೊಲಿಗೆಯವರು ಸೂಜಿ ಕೆಳಗಿಟ್ಟು ಕಾಯುತ್ತಿದ್ದಾರೆ. ಸಂಬಳ ಎಣಿಸಿಕೊಂಡು ನಿದ್ದೆ ಹೊಡೆಯುವ ಭಾಗ್ಯ ಯಾರಿಗುಂಟು ಎಂದು ಹೊಟ್ಟೆ ಉರಿದುಕೊಳ್ಳಬೇಡಿ, ಇದು ಅವರ ಕೆಲಸ. ತುಂಬಿಟ್ಟ ರಾಶಿಯಿಂದ ಒಂದು ದಿಂಬು ಎತ್ತಿಕೊಂಡು ತಲೆಯಿಟ್ಟು ನೋಡುತ್ತಾರೆ. ಕತ್ತು ಹಗುರಾದರೆ ಸರಕು ಹೊರಡುತ್ತದೆ, ಇಲ್ಲದಿದ್ದರೆ ಹೊಲಿಗೆ ಬಿಚ್ಚಬೇಕು.

ಇಲ್ಲಿ ಅವರ ಹೆಸರು ಮಂಗಳವಾರದಮ್ಮ. ಶುಕ್ರವಾರವೂ ಬರುತ್ತಾರೆ, ಪಾಪ, ಶುಕ್ರವಾರಕ್ಕೆ ಹೆಸರಿನಲ್ಲಿ ಜಾಗ ಸಿಕ್ಕಿಲ್ಲ. ಉಳಿದ ದಿನ ಒಂದು ಅಚ್ಚುಕೂಟ, ಒಂದು ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡು. ಹತ್ತಿ ಯಾವಾಗ ಬರಬೇಕು, ಯಾವ ಮಿಷನ್ನಿಗೆ ವಿಶ್ರಾಂತಿ ಬೇಕು, ಯಾವ ಗಾಡಿ ಮೊದಲು ಹೊರಡಬೇಕು ಎಂದು ನೋಡುವವರು ಅವರು. ಮೊದಲು ಕೆಲಸಕ್ಕಿದ್ದ ದೊಡ್ಡ ಗಿರಣಿ ಬಾಗಿಲು ಹಾಕಿದಾಗ, ಪೂರ್ತಿ ಸಂಬಳ ಕೊಡಲಾಗದ ಸಣ್ಣ ಮಾಲೀಕರು ಅವರನ್ನು ಹೀಗೆ ಹಂಚಿಕೊಂಡರು. "ನಾನು ಬಾಡಿಗೆ ಸೈಕಲ್ ಇದ್ದ ಹಾಗೆ" ಎಂದು ನಗುತ್ತಾರೆ.

ಆಗ ದಿಂಬು ಹೊರಡುತ್ತಿದ್ದುದೇ ವಾರಕ್ಕೆರಡು ಸಲ, ಅವರು ಬಂದ ದಿನ. ಈಗ ಕಾರ್ಖಾನೆ ಬೆಳೆದಿದೆ, ಗಾಡಿ ದಿನಾ ಬಾಗಿಲಲ್ಲಿ ನಿಲ್ಲುತ್ತದೆ. ಆದರೆ ತಲೆಯಿಡುವುದು ಮಂಗಳವಾರದಮ್ಮನ ಕೆಲಸ ಎಂಬುದು ಎಲ್ಲರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಹೋದ ತಿಂಗಳ ಒಂದು ಬುಧವಾರ, ಯಾರೂ ತಲೆಯಿಟ್ಟು ನೋಡದೆ, ಗಟ್ಟಿ ದಿಂಬುಗಳ ಲೋಡು ವಸತಿಗೃಹವೊಂದಕ್ಕೆ ಹೋಯಿತು. ಅತಿಥಿಗಳ ಕತ್ತು ಹಿಡಿದುಕೊಂಡಿತು, ಲೋಡು ವಾಪಸ್ಸು ಬಂತು.

ಮಾಲೀಕರು ಅವರನ್ನು ಕೂರಿಸಿಕೊಂಡು ಹೇಳಿದರು: ಇನ್ನು ಅರೆಬರೆ ನಡೆಯುವುದಿಲ್ಲ, ದಿನಾ ಬನ್ನಿ, ಮ್ಯಾನೇಜರ್ ಆಗಿ. ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ. ಉತ್ತರ ಕೊಡಬೇಕಾದ ಮಂಗಳವಾರ ಇವತ್ತು.

ಆಸೆ ಇಲ್ಲವೆಂದಲ್ಲ. ಮೂರೂ ಕಡೆಗಳಲ್ಲಿ ಅವರಿಗೆ ಪ್ರೀತಿಯದು ಇದೇ. ಕಿಟಕಿ ಪಕ್ಕ ತಮ್ಮದೇ ಒಂದು ಕುರ್ಚಿ, ಬಿಸಿಲಲ್ಲಿ ಮಿನುಗುವ ಹತ್ತಿ, ದಿನಾ ಅದೇ ಮುಖಗಳು: ಕಣ್ಣು ಮುಚ್ಚಿದರೆ ಅದೇ ಕಾಣುತ್ತದಂತೆ. ಬಸ್ ಓಡಿಸುವ ಗಂಡ, ಇನ್ನಾದರೂ ಒಂದು ಕಡೆ ಬೇರು ಬಿಡು ಎಂದು ಹೇಳಿ ಹೇಳಿ ಸೋತಿದ್ದಾರೆ.

ಆದರೆ ವಾಪಸ್ಸು ಬಂದ ದಿಂಬು ಬಿಚ್ಚುತ್ತ ಕೂತಾಗ, ಹೊಲಿಗೆಯವರಲ್ಲಿ ಹಿರಿಯಳಾದ ಸೂಜಿಯಕ್ಕ ಒಂದು ಮಾತು ಆಡಿದ್ದಳು. ಅದು ಮುಳ್ಳಿನ ಹಾಗೆ ಒಳಗೇ ಉಳಿದಿದೆ.

"ಗಟ್ಟಿ ಇದೆ ಅಂತ ಕೈಗೆ ಗೊತ್ತಾಗಿತ್ತು ಕಣ್ರಮ್ಮಾ. ಹೇಳೋದು ನಿಮ್ಮ ಕೆಲಸ ಅಲ್ವಾ ಅಂತ ಸುಮ್ಮನಾದೆ."

ಮಂಗಳವಾರದಮ್ಮ ಕಣ್ಣು ತೆರೆದು ಮೇಜಿನಿಂದ ಇಳಿಯುತ್ತಾರೆ. ದಿಂಬಿನ ಬಗ್ಗೆ ಹೂಂ ಇಲ್ಲ, ಉಹೂಂ ಇಲ್ಲ. ಬಾಗಿಲಲ್ಲಿ ಕಾಯುತ್ತಿರುವ ಮಾಲೀಕರತ್ತ ತಿರುಗುತ್ತಾರೆ.

"ನಿಮಗೆ ದಿನಾ ಇರೋರೇ ಬೇಕು ಸಾರ್, ಅದು ನಿಜ. ಆದ್ರೆ ನಾನು ದಿನಾ ಬಂದ್ರೆ ಈ ಸೂಜಿಯಕ್ಕ ಇನ್ಯಾವತ್ತೂ ಬಾಯಿ ಬಿಡಲ್ಲ. ಇವಳನ್ನೇ ಮ್ಯಾನೇಜರ್ ಮಾಡಿ. ಕಲಿಸೋಕೆ ಸ್ವಲ್ಪ ದಿನ ಬರ್ತೀನಿ, ಆಮೇಲೆ ನಾನು ಬೇಕಾಗಲ್ಲ."

ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕಿಕೊಳ್ಳುತ್ತಿದ್ದೀರಲ್ಲ ಎನ್ನುತ್ತಾರೆ ಮಾಲೀಕರು. ಹೊಲಿ ಅಂದರೆ ಹೊಲಿಯುತ್ತೇನೆ, ಹೇಳುವುದು ನನ್ನಿಂದಾಗದು ಎಂದು ಸೂಜಿಯಕ್ಕ ಹಿಂದೆ ಸರಿಯುತ್ತಾಳೆ. ಮಂಗಳವಾರದಮ್ಮ ದಿಂಬನ್ನು ಮೆಲ್ಲಗೆ ತಟ್ಟಿ ತೋರಿಸುತ್ತಾರೆ, ಅಷ್ಟೆ.

ಸೂಜಿಯಕ್ಕ ಚಪ್ಪಲಿ ಬಿಟ್ಟು ಮೇಜು ಹತ್ತಿ ತಲೆಯಿಡುತ್ತಾಳೆ. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಾನೆ. ಅವಳ ಕೆನ್ನೆಯ ಮೇಲೆ ಹತ್ತಿಯ ಎಳೆಯೊಂದು ಬಂದು ಕೂರುತ್ತದೆ.

"ಗಟ್ಟಿ ಇದೆ" ಎನ್ನುತ್ತಾಳೆ, ಕಣ್ಣು ತೆರೆಯದೆಯೇ. "ಇವತ್ತಿನ ಗಾಡಿ ನಿಲ್ಸಿ."

ತಮಗೂ ಹಾಗೇ ಅನ್ನಿಸಿತ್ತು ಎಂಬುದನ್ನು ಮಂಗಳವಾರದಮ್ಮ ಅಲ್ಲಿ ಯಾರಿಗೂ ಹೇಳುವುದಿಲ್ಲ. ಕಣ್ಣು ತುಂಬಿಕೊಂಡಿದೆ, ಹತ್ತಿ ಬಿತ್ತು ಎನ್ನುತ್ತಾರೆ. ಕೆಲಸ ಬಿಟ್ಟು ಹೋಗುವಾಗ ಇಲ್ಲಿಂದ ಏನು ಬೇಕು ಎಂದು ಮಾಲೀಕರು ಕೇಳಿದರೆ, ಮಂಗಳವಾರದಮ್ಮ ಚೀಲ ಹೆಗಲಿಗೇರಿಸುತ್ತ ಯೋಚಿಸುತ್ತಾರೆ.

"ನಾನಿಲ್ಲದ ದಿನ ತುಂಬಿದ ಒಂದು ದಿಂಬು ಕೊಟ್ರೆ ಸಾಕು. ಮನೇಲಿ ತಲೆಯಿಟ್ಟು ನೋಡಲ್ಲ. ಸುಮ್ಮನೆ ಮಲಗ್ತೀನಿ."