ಇಪ್ಪತ್ತೆರಡನೇ ಬುರುಡೆಯ ದವಡೆ

ಸಹನಾ, ಚೇತನ್,

ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಅಮ್ಮನಿಂದ ಓದಿಸಿಕೊಳ್ಳಿ. ಬಾಯಲ್ಲೇ ಹೇಳಬಹುದಿತ್ತು. ಆದರೆ ನಾಲ್ಕು ಜನ ನನ್ನ ಮುಖ ನೋಡುತ್ತ ಕುಳಿತರೆ ನನಗೆ ಮಾತು ಹೊರಡುವುದಿಲ್ಲ, ಆ ನಾಲ್ಕು ಜನ ಮನೆಯವರೇ ಆದರೂ.

ಸಹನಾ, ಹೋದ ವಾರ ನೀನು ಕಾಲೇಜಿನ ಮೊದಲ ವರ್ಷದ ಪಾಠಕ್ಕೆಂದು ಪ್ಲಾಸ್ಟಿಕ್ಕಿನ ಬುರುಡೆಯೊಂದನ್ನು ತಂದು ಊಟದ ಮೇಜಿನ ಮೇಲೆ ಇಟ್ಟೆ. ನಿಮ್ಮಮ್ಮ ಕೂಗಾಡಿದಳು. ಚೇತನ್ ಅದರ ಬಾಯಿಗೆ ಬಿಸ್ಕತ್ತು ಸಿಕ್ಕಿಸಿದ. ನಾನು ಹತ್ತಿರ ಬಂದು ಅದರ ದವಡೆಯನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದೆ. "ಅಮ್ಮಮ್ಮಗ ಹೆದರಿಕೀನೇ ಇಲ್ಲ" ಎಂದು ನೀವಿಬ್ಬರೂ ನಕ್ಕಿರಿ.

ಹೆದರಿಕೆ ಇಲ್ಲದ್ದು ನಿಜ. ದೆವ್ವ, ಗಾಳಿ, ಸತ್ತವರು ತಿರುಗಿ ಬರುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಚಿಂಚೋಳಿ ಕಡೆಯ ನಮ್ಮ ಹಳ್ಳಿಯಲ್ಲಿ ಏಳನೇ ತರಗತಿಯವರೆಗೆ ಓದಿದೆ. ಶಾಲೆಯ ದಾರಿ ಸ್ಮಶಾನದ ಪಕ್ಕದಲ್ಲೇ ಇತ್ತು, ಒಂದು ದಿನವೂ ಏನೂ ಕಾಣಲಿಲ್ಲ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲಂತೂ ನಂಬುವ ಮಾತೇ ಇರಲಿಲ್ಲ. ನಿಮ್ಮ ತಾತ ದಿನವಿಡೀ ಹೆಣಗಳ ನಡುವೆ ಕೆಲಸ ಮಾಡಿ, ಸಂಜೆ ಬಂದು ಕೈತೊಳೆದು ಒಂದು ರೊಟ್ಟಿ ಹೆಚ್ಚಿಗೇ ತಿನ್ನುತ್ತಿದ್ದರು. "ಸತ್ತೋರು ನನಗ ಎಂದೂ ತ್ರಾಸ ಕೊಟ್ಟಿಲ್ಲ. ತ್ರಾಸೆಲ್ಲ ಬದುಕಿದ್ದೋರದೇ" ಎನ್ನುತ್ತಿದ್ದರು. ಹಾಗಾಗಿ ಮುಂದೆ ಬರೆಯುವುದನ್ನು ನಂಬಿ ಎನ್ನುವ ಧೈರ್ಯ ನನಗಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ತಾತ ಒಂದು ಖಾಸಗಿ ಡೆಂಟಲ್ ಕಾಲೇಜಿನಲ್ಲಿ ಅನಾಟಮಿ ವಿಭಾಗದ ಅಟೆಂಡರ್ ಆಗಿದ್ದರು. ಹದಿನೆಂಟು ವರ್ಷ. ಒಂದು ಮಧ್ಯಾಹ್ನ ಎದೆನೋವೆಂದು ಸ್ಟೂಲಿನ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಊರಿಗೆ ಒಯ್ದು ಮಣ್ಣು ಮಾಡಿ ಬಂದೆವು. ನಿಮ್ಮಮ್ಮ ಆಗ ಇಂಟರ್ ಓದುತ್ತಿದ್ದಳು. ಮಾದಾಪುರದ ಕಡೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡ ಏಳಿಸುತ್ತಿದ್ದ ಕಾಲ ಅದು. ದಿಲ್‌ಸುಖ್‌ನಗರದ ನಮ್ಮ ಗಲ್ಲಿಯಲ್ಲೂ ಕಂಪ್ಯೂಟರ್ ಕಲಿಯಲು ಬಂದ ಹುಡುಗರು ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಜನ ಇರುತ್ತಿದ್ದರು. ನಮ್ಮ ಕೋಣೆಯ ಮೇಲೂ ಮಾಲೀಕರಿಗೆ ಕಣ್ಣಿತ್ತು. ಕಾಲೇಜಿನವರು ಕರುಣೆಯಿಂದ ತಾತನ ಕೆಲಸವನ್ನು ನನಗೆ ಕೊಟ್ಟರು. ಆದರೆ ಆರು ತಿಂಗಳ ಮಟ್ಟಿಗೆ ಮಾತ್ರ. ವಿಭಾಗದ ಮೇಡಂ ಒಳ್ಳೆಯ ವರದಿ ಬರೆದರೆ ಖಾಯಂ, ಇಲ್ಲದಿದ್ದರೆ ಊರಿನ ದಾರಿ, ನಿಮ್ಮಮ್ಮನ ಓದು ಅಲ್ಲಿಗೆ ಮುಗಿದ ಹಾಗೆ.

ಮೇಡಂ ಬಳ್ಳಾರಿಯವರು. ಪಾಠ ಇಂಗ್ಲಿಷಿನಲ್ಲಿ, ಬೈಗುಳ ತೆಲುಗಿನಲ್ಲಿ, ನನ್ನ ಜೊತೆ ಮಾತ್ರ ಕನ್ನಡ. ಹಲ್ಲಿನ ಡಾಕ್ಟರಾಗುವ ಮಕ್ಕಳಿಗೆ ತಲೆ ಮತ್ತು ಕುತ್ತಿಗೆಯೇ ಮುಖ್ಯ, ಅದರಲ್ಲೂ ದವಡೆ. ಹೊಸದಾಗಿ ಬಂದವರಿಗೆ ಅವರು ಮೊದಲು ಹೇಳುತ್ತಿದ್ದುದು, ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ಎಂದು. ಎಲುಬು ಒಳಗೆ ಜಾರುವುದು ಬೆರಳಿಗೆ ಸಿಗುತ್ತದೆ. ಬಾಗಿಲ ಹಿಂದೆ ನಿಂತು ನಾನೂ ಗುಟ್ಟಾಗಿ ಮಾಡಿ ನೋಡುತ್ತಿದ್ದೆ. ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಬುರುಡೆ ಮತ್ತು ಅದರದೇ ದವಡೆ. ಅದರದೇ ಆಗಬೇಕು. ಇನ್ನೊಂದರ ದವಡೆ ಇಟ್ಟರೆ ಹಲ್ಲಿಗೆ ಹಲ್ಲು ಕೂಡುವುದಿಲ್ಲ, ಪಾಠವೇ ತಪ್ಪುತ್ತದೆ. ಅದಕ್ಕೇ ತಾತ ಮೂವತ್ತು ಬುರುಡೆಗಳಿಗೂ ದವಡೆಗಳಿಗೂ ನಂಬರಿನ ಚೀಟಿ ಬರೆದು ಗೋಂದಿನಿಂದ ಅಂಟಿಸಿದ್ದರು.

ನಾನು ಸೇರಿ ಎರಡು ತಿಂಗಳಾಗಿತ್ತು, ದಸರೆ ಬಂತು. ಆಯುಧಪೂಜೆಗೆ ಎಲ್ಲ ವಿಭಾಗದವರೂ ತಮ್ಮ ತಮ್ಮ ಸಾಮಾನು ತೊಳೆದು ಕುಂಕುಮ ಹಚ್ಚುತ್ತಿದ್ದರು. ಹಿಂದಿನ ದಿನ ನಾನೂ ಉತ್ಸಾಹದಿಂದ ಎರಡು ಟಬ್ ನೀರಿಗೆ ಸೋಡಾಪುಡಿ ಹಾಕಿ, ಒಂದರಲ್ಲಿ ಬುರುಡೆಗಳನ್ನು, ಇನ್ನೊಂದರಲ್ಲಿ ದವಡೆಗಳನ್ನು ನೆನೆಸಿಬಿಟ್ಟೆ. ಸ್ವಲ್ಪ ಹೊತ್ತಿಗೆ ಚೀಟಿಗಳೆಲ್ಲ ಚುರುಮುರಿಯ ಮಂಡಾಳಿನ ಹಾಗೆ ತೇಲತೊಡಗಿದವು. ಆಗಲೂ ನನಗೆ ಹೊಳೆಯಲಿಲ್ಲ. ಚೀಟಿಗಳನ್ನು ಆರಿಸಿ ಪೇಪರಿನ ಮೇಲೆ ಒಣಗಿಸಿದೆ, ಎಲುಬುಗಳನ್ನು ಟೆರೇಸಿನ ಬಿಸಿಲಿಗೆ ಹರವಿದೆ. ಕಸ ಗುಡಿಸುವ ಸೇಡಂ ಕಡೆಯ ಮಲ್ಲಮ್ಮ ಅಲ್ಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ ಅಕ್ಕಾ, ಸತ್ತೋರಿಗಿ ಎಣ್ಣಿ ನೀರು ಹಾಕಿದೇನು?"

"ಭಾಳ ಧೂಳ ಇತ್ತು" ಎಂದೆ.

"ಛಲೋ ಆಯ್ತು. ಈಗ ಯಾವ ದವಡಿ ಯಾರ್ದು?"

ನಾನು ಒಂದು ದವಡೆಯನ್ನು ಎತ್ತಿ ನೋಡಿದೆ, ಗೋಂದಿನ ಕಲೆಯೂ ಉಳಿದಿರಲಿಲ್ಲ. ಅವಳಿಗೆ ನಗು ತಡೆಯಲಾಗಲಿಲ್ಲ. "ಹೋಗ್ಲಿ ಬಿಡು, ಸಾಮೂಹಿಕ ಲಗ್ನ ಮಾಡಿಬಿಡು. ಮೂವತ್ತು ಜೋಡಿ. ಯಾರ ಹೆಣ್ತಿ ಯಾರ ಪಾಲಿಗಿ ಬೀಳ್ತಾಳೋ!" ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಅಕ್ಕಾ, ದಸರಾ ಮರುದಿನ ಪ್ರಾಕ್ಟಿಕಲ್ ಪರೀಕ್ಷಾ ಐತಿ. ಹೊರಗಿನ್ ಸಾಹೇಬರು ಬರ್ತಾರ. ಮೇಡಂಗ ಈಗೇ ಹೇಳಿಬಿಡು."

ಹೇಳಲಿಲ್ಲ. ವರದಿ ಬರೆಯುವವರೇ ಅವರಲ್ಲವೇ. ಪೂಜೆಯ ದಿನ ಟ್ರೇಗಳ ಮೇಲೆ ಬಿಳಿ ಬಟ್ಟೆ ಹೊದಿಸಿ, ಬಟ್ಟೆಯ ಮೇಲೇ ಹೂವಿಟ್ಟೆ. ಮೇಡಂ ಮಂಗಳಾರತಿ ತೆಗೆದುಕೊಂಡು ಹೋದರು.

ದಸರೆಯ ದಿನ ಕಾಲೇಜಿಗೆ ರಜೆ. ಆ ವರ್ಷ ನಮಗೆ ಹಬ್ಬವಿರಲಿಲ್ಲ. ನಿಮ್ಮಮ್ಮನನ್ನು ಸೋದರಮಾವನ ಊರಿಗೆ ಕಳಿಸಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಹೊಸ ಬಟ್ಟೆ ತೊಟ್ಟವರ ನಡುವೆ ಬುತ್ತಿ ಹಿಡಿದುಕೊಂಡು ಕುಳಿತಿದ್ದೆ. ವಾಚ್‌ಮನ್ ಬೀಗದ ಕೈ ಕೊಟ್ಟು, "ಹಬ್ಬದ ದಿನ ಇಲ್ಲೇನಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ಕೆಲಸವಿದೆ ಎಂದು ಒಳಗೆ ಹೋದೆ.

ನೆಲದ ಮೇಲೆ ಚಾದರ ಹಾಸಿ ಬುರುಡೆಗಳನ್ನು ಸಾಲಾಗಿಟ್ಟೆ, ದವಡೆಗಳನ್ನು ಇನ್ನೊಂದು ಕಡೆ ಗುಡ್ಡೆ ಹಾಕಿದೆ. ಮೊದಲ ಒಂದು ತಾಸು ಯಾವುದೂ ಯಾವುದಕ್ಕೂ ಕೂಡಲಿಲ್ಲ. ಇಲ್ಲವೇ ಎಲ್ಲವೂ ಎಲ್ಲದಕ್ಕೂ ಕೂಡಿದಂತೆ ಕಂಡಿತು. ಆಗ ತಾತ ಒಮ್ಮೆ ಹೇಳಿದ್ದು ನೆನಪಾಯಿತು. ಹುಡುಗರು ತಪ್ಪು ದವಡೆ ಇಟ್ಟರೆ ದೂರದಿಂದಲೇ ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ನಾನು ಕೇಳಿದ್ದೆ. "ಸಪ್ಪಳ ಕೇಳಬೇಕು. ತನ್ನದಾದ್ರ ಎರಡೂ ಕಡಿ ಒಮ್ಮೆಗೇ ಕೂಡ್ತದ, ಒಂದೇ ಸಪ್ಪಳ. ಮಂದೀದಾದ್ರ ಎರಡು ಸಪ್ಪಳ" ಎಂದಿದ್ದರು.

ಕಣ್ಣು ಮುಚ್ಚಿ ಕೇಳತೊಡಗಿದೆ. ಇಡೀ ಕಟ್ಟಡದಲ್ಲಿ ಯಾರೂ ಇಲ್ಲದ್ದು ಒಳ್ಳೆಯದೇ ಆಯಿತು. ಟಕ್ ಟಕ್ ಎಂದರೆ ತೆಗೆದಿಡುವುದು, ಟಕ್ ಎಂದರೆ ತೆರೆದು ಹಲ್ಲು ನೋಡುವುದು. ಹಲ್ಲಿನ ಸವೆತ ಮೇಲೆ ಕೆಳಗೆ ಕೂಡಿದರೆ ಚೀಟಿಯ ಬದಲು ದಾರ ಕಟ್ಟುವುದು. ಮಧ್ಯಾಹ್ನದೊಳಗೆ ಹತ್ತೊಂಬತ್ತು ಜೋಡಿಯಾದವು. ನನಗೇ ತಿಳಿಯದ ಹಾಗೆ ಮಾತಾಡುತ್ತಿದ್ದೆ. "ನೀ ಭಾಳ ಎಲಿ ಅಡಿಕಿ ತಿಂದೀ ನೋಡಪ್ಪಾ", "ನಿನಗ ಹಲ್ಲ ನೋವಿತ್ತೇನವ್ವಾ", ಹೀಗೆ. ನಿಮ್ಮ ತಾತನ ಜೊತೆಯೂ ಮಾತಾಡಿದೆ. ಎರಡು ತಿಂಗಳಲ್ಲಿ ಆಡದಷ್ಟು ಮಾತನ್ನು ಆ ಒಂದು ದಿನ ಆಡಿದೆ. ಮಗಳ ಫೀಸು, ಕೋಣೆ, ಅವರಿಲ್ಲದೆ ರೊಟ್ಟಿ ಬಡಿಯುವಾಗ ಲೆಕ್ಕ ತಪ್ಪಿ ನಾಲ್ಕು ಹೆಚ್ಚಾಗುವುದು, ಎಲ್ಲವನ್ನೂ ಹೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಬರುತ್ತದೆ ಎಂದು ಹೇಳಿಕೊಂಡದ್ದೂ ಅಲ್ಲ.

ಮೂರು ಗಂಟೆಯ ಹೊತ್ತಿಗೆ ಒಂದೇ ಬುರುಡೆ ಉಳಿಯಿತು. ಎಲ್ಲಕ್ಕಿಂತ ಚಿಕ್ಕದು. ಸುತ್ತ ನೋಡಿದೆ, ದವಡೆಗಳ ಗುಡ್ಡೆ ಖಾಲಿಯಾಗಿತ್ತು. ಒಂದನ್ನು ಕಳೆದೆನೇ, ಟೆರೇಸಿನಲ್ಲಿ ಕಾಗೆ ಒಯ್ದಿತೇ ಎಂದುಕೊಂಡೆ. ಬುರುಡೆಯನ್ನು ಕೈಗೆತ್ತಿಕೊಂಡು, "ನಿಂದೆಲ್ಲಿ ಐತೆವ್ವಾ?" ಎಂದು ಕೇಳಿದೆ.

ಕೆಳಗೆ ನೋಡಿದಾಗ ನನ್ನ ಎಡ ಮೊಣಕಾಲಿನ ಪಕ್ಕದಲ್ಲಿ ಒಂದು ದವಡೆ ಇತ್ತು. ಸ್ವಲ್ಪ ಹೊತ್ತಿನ ಮುಂಚೆ ಅದೇ ಜಾಗದಲ್ಲಿ ದಾರದ ಉಂಡೆಗಾಗಿ ಕೈಯಾಡಿಸಿದ್ದೆ, ಆಗ ಇರಲಿಲ್ಲ. ಕಂಡಿರಲಿಕ್ಕಿಲ್ಲ ಎಂದುಕೊಂಡು ಎತ್ತಿಕೊಂಡೆ. ಅದು ಬೆಚ್ಚಗಿತ್ತು. ಉಳಿದ ಎಲುಬುಗಳೆಲ್ಲ ಕಲ್ಲಿನ ಹಾಗೆ ತಣ್ಣಗಿದ್ದವು. ಇದು ಮಾತ್ರ ಯಾರೋ ಬಹಳ ಹೊತ್ತು ಅಂಗೈಯಲ್ಲಿ ಹಿಡಿದುಕೊಂಡು ಈಗ ಕೆಳಗಿಟ್ಟ ಹಾಗಿತ್ತು. ಬಿಸಿಲು ಆ ಕಡೆ ಬೀಳುತ್ತಿರಲಿಲ್ಲ. ಬುರುಡೆಗೆ ಕೂಡಿಸಿದೆ. ಒಂದೇ ಸಪ್ಪಳ.

ಆಗ ನನಗೆ ವಿಚಿತ್ರ ಅನ್ನಿಸಲಿಲ್ಲ ಎಂಬುದನ್ನು ನೀವು ತಿಳಿಯಬೇಕು. ಕೆಲಸ ಮುಗಿಯಿತಲ್ಲ ಎಂಬ ಸಂತೋಷದಲ್ಲಿ ಬುತ್ತಿ ಬಿಚ್ಚಿ ಊಟ ಮಾಡಿ ಮನೆಗೆ ಹೋದೆ.

ಮರುದಿನ ಮೇಡಂ ಪರೀಕ್ಷೆಗೆ ಒಂದು ತಾಸು ಮುಂಚೆ ಬಂದರು. ದಾರ ಕಟ್ಟಿದ ಬುರುಡೆಗಳನ್ನು ನೋಡಿ, "ಏನಮ್ಮಾ ಇದು? ನಂಬರ್ ಎಲ್ಲಿ ಹೋದ್ವು?" ಎಂದರು. ಎಲ್ಲ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತೆರೆದು ಮುಚ್ಚಿ ನೋಡತೊಡಗಿದರು. ಹತ್ತಾಯಿತು, ಇಪ್ಪತ್ತಾಯಿತು. "ಯಾರು ಕಲಿಸಿದ್ರು ನಿಂಗೆ? ನನ್ನ ಪೀಜಿ ಹುಡುಗರಿಗೆ ಹೇಳಿದ್ರೂ ಹಿಂಗೆ ಮಾಡಲ್ಲ" ಎಂದರು. ಕೊನೆಗೆ ಚಿಕ್ಕ ಬುರುಡೆಯನ್ನು ಎತ್ತಿಕೊಂಡವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕೆ ದವಡೆ ಎಲ್ಲಿಂದ ತಂದೆ?"

"ಇಲ್ಲೇ ಇತ್ತುರಿ, ಮೇಡಂ."

"ಇಲ್ಲಿರೋಕೆ ಸಾಧ್ಯನೇ ಇಲ್ಲ. ಇದು ಇಪ್ಪತ್ತೆರಡು. ಇದಕ್ಕೆ ದವಡೆನೇ ಇರಲಿಲ್ಲ."

ಬೀರುವಿನಿಂದ ತಾತನ ಕೈಬರಹದ ಪಟ್ಟಿ ತೆಗೆದರು. ಇಪ್ಪತ್ತೆರಡರ ಮುಂದೆ ಅವರ ದುಂಡು ಅಕ್ಷರದಲ್ಲಿ 'ದವಡೆ ಇಲ್ಲ' ಎಂದಿತ್ತು. ಹದಿನೆಂಟು ವರ್ಷದ ಹಿಂದೆ ಪೆಟ್ಟಿಗೆ ಬಂದಾಗಲೇ ಅದು ಹಾಗೆ ಬಂದಿತ್ತಂತೆ. ಎಲುಬಿನ ಹೊಸ ಪೆಟ್ಟಿಗೆ ಬಂದಾಗಲೆಲ್ಲ ತಾತ ಅದರಲ್ಲಿದ್ದ ದವಡೆಗಳನ್ನು ಮೊದಲು ಇಪ್ಪತ್ತೆರಡಕ್ಕೆ ಇಟ್ಟು ನೋಡುತ್ತಿದ್ದರಂತೆ. "ಬಿಡಪ್ಪಾ ಅಂದ್ರೂ ಬಿಡ್ತಿರಲಿಲ್ಲ" ಎಂದರು ಮೇಡಂ. ಆ ಬುರುಡೆಯ ಮೇಲಿನ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು, ಹೊಲಿಯುವವರಿಗೆ ದಾರ ಕಡಿದು ಕಡಿದು ಬೀಳುತ್ತದಲ್ಲ, ಹಾಗೆ. ಕೆಳಗಿನ ಹಲ್ಲಿನಲ್ಲೂ ಅದಕ್ಕೆ ಎದುರಾಗಿ ಅಂಥದೇ ಕಚ್ಚು. ಮೇಡಂ ಒಂದು ಸೂಜಿ ತೆಗೆದುಕೊಂಡು ಎರಡು ಕಚ್ಚುಗಳ ನಡುವೆ ತೂರಿಸಿದರು, ಸಲೀಸಾಗಿ ಹೋಯಿತು. ನಾನು ಒಣಗಿಸಿಟ್ಟ ಚೀಟಿಗಳನ್ನು ಎಣಿಸಿದೆವು. ಬುರುಡೆಯವು ಮೂವತ್ತು, ದವಡೆಯವು ಇಪ್ಪತ್ತೊಂಬತ್ತು. ಮೇಜಿನ ಮೇಲೆ ದವಡೆಗಳು ಮೂವತ್ತು.

ಬೇರೆ ವಿಭಾಗಗಳಿಗೆ ಫೋನು ಮಾಡಿ ಕೇಳಿದರು. ಯಾರದೂ ಕಳೆದಿರಲಿಲ್ಲ. ಕೊನೆಗೆ, "ಯಾವುದೋ ಡಬ್ಬಿಯ ತಳದಲ್ಲಿ ಇದ್ದಿರಬೇಕು" ಎಂದು ಮೇಡಂ ಹೇಳಿದರು, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ಪಟ್ಟಿಯನ್ನೂ ಪೆನ್ನನ್ನೂ ನನ್ನ ಮುಂದಿಟ್ಟು, "ನೀನೇ ಬರಿ. ನಂಗೇನು ಬರೀಬೇಕೋ ಗೊತ್ತಾಗ್ತಿಲ್ಲ" ಎಂದರು. ತಾತನ ಅಕ್ಷರವನ್ನು ಹೊಡೆದು ಹಾಕಲು ನನಗೆ ಕೈ ಬರಲಿಲ್ಲ. ಅದರ ಪಕ್ಕದಲ್ಲಿ 'ಈಗ ಇದೆ' ಎಂದು ಬರೆದೆ.

ಆರು ತಿಂಗಳಾದ ಮೇಲೆ ಕೆಲಸ ಖಾಯಂ ಆಯಿತು. ನಿಮ್ಮಮ್ಮ ಓದಿದಳು. ಮಂಡಿ ಸೋಲುವ ತನಕ ಅದೇ ವಿಭಾಗದಲ್ಲಿ ದುಡಿದೆ.

ಎಷ್ಟೋ ರೀತಿಯಲ್ಲಿ ಯೋಚಿಸಿದ್ದೇನೆ. ಯಾರೋ ಹಳೆಯ ವಿದ್ಯಾರ್ಥಿ ತಂದು ಟಬ್ಬಿಗೆ ಹಾಕಿರಬಹುದೇ? ಬರುವಾಗಲೇ ಇಲ್ಲದ್ದನ್ನು ಯಾರು ಒಯ್ಯುತ್ತಾರೆ, ಯಾರು ತರುತ್ತಾರೆ? ಆ ಬಿಸುಪು ನನ್ನ ಕೈಯದೇ ಇರಬಹುದೇ? ಇರಬಹುದು. ಆದರೆ ನನ್ನನ್ನು ಕಾಡುವುದು ಇದ್ಯಾವುದೂ ಅಲ್ಲ. ಹದಿನೆಂಟು ವರ್ಷ ಹುಡುಕಿದವರು ನಿಮ್ಮ ತಾತ. ತಂದಿಟ್ಟದ್ದು ಅವರೇ ಆಗಿದ್ದರೆ, ನನ್ನ ಮೊಣಕಾಲಿನ ತನಕ ಬಂದು, ಬೆಳಗಿನಿಂದ ನಾನು ಆಡಿದ ಅಷ್ಟು ಮಾತಿಗೆ ಒಂದು 'ಹ್ಞೂಂ' ಅನ್ನದೆ ಹೇಗೆ ಹೋದರು? ಅವರಲ್ಲದಿದ್ದರೆ ಮತ್ತೆ ಯಾರು? ಆಮೇಲೆ ಎಷ್ಟೋ ರಜೆಯ ದಿನ ವಾಚ್‌ಮನ್ನನಿಂದ ಬೀಗದ ಕೈ ಪಡೆದು, ಅದೇ ಜಾಗದಲ್ಲಿ ಚಾದರ ಹಾಸಿ ಕುಳಿತಿದ್ದೇನೆ. ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ಈಗ ಓದುತ್ತ ಓದುತ್ತ ಅವಳಿಗೂ ತಿಳಿಯಿತು. ಅಲ್ಲಿ ಏನೂ ಆಗಲಿಲ್ಲ. ಸಂಜೆಯಾಗುತ್ತಿತ್ತು, ಚಾದರ ಮಡಿಸಿ ಬರುತ್ತಿದ್ದೆ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಮನೆ ಬದಲಿಸುವಾಗ ಹಳೆಯ ಪೇಪರುಗಳ ಜೊತೆ ರದ್ದಿಯವನ ತಕ್ಕಡಿಗೆ ಹೋಗದಂತೆ ನೋಡಿಕೊಳ್ಳಿ.